ಶಾರೀಕನ ಮನೆಗೆ ಬಿದ್ದ ಬೀಗ

ಸೋಮವಾರ ಬೆಳಿಗ್ಗೆ ಸಾಲೇಹಾ ಕಂಪ್ಯೂಟರಿನ ಮುಂದೆ ಕೂತು ಎಂಟರ್ ಒತ್ತಿದಳು. ದಿನವೂ ಅಷ್ಟೇ ಸಾಕಾಗುತ್ತಿತ್ತು. ಹೆಸರಿನ ಜಾಗದಲ್ಲಿ ತಮ್ಮ ಶಾರೀಕನ ಹೆಸರು, ಪಾಸ್‌ವರ್ಡಿನ ಜಾಗದಲ್ಲಿ ಒಂದು ಸಾಲು ಚುಕ್ಕಿ — ಎರಡೂ ಮೊದಲೇ ಕೂತಿರುತ್ತಿದ್ದವು. ಮೋಡೆಮ್ಮು ಕಿರಿಚಿ ಸುಮ್ಮನಾದ ಮೇಲೆ ಒಂದೇ ಒಂದು ಒತ್ತು. ಬಾಗಿಲು ತೆರೆಯುತ್ತಿತ್ತು.

ಅಂದು ತೆರೆಯಲಿಲ್ಲ. ಪಾಸ್‌ವರ್ಡ್ ತಪ್ಪು ಎಂದಿತು ಪರದೆ.

ಇನ್ನೊಮ್ಮೆ ಒತ್ತಿದಳು. ತಪ್ಪು. ಎದ್ದು ಹೋಗಿ ಅಕ್ಕಿ ತೊಳೆದಳು. ಬಂದು ಒತ್ತಿದಳು. ತಪ್ಪು. ಗಾಬರಿ ಆಗಬೇಕಿತ್ತು. ಆಗಲಿಲ್ಲ. ಶಾರೀಕ್ ಹೋದಂದಿನಿಂದ ಅವಳ ಮನಸ್ಸಿಗೆ ಜೋಮು ಹಿಡಿದಿತ್ತು. ಚಿವುಟಿದರೂ ಬೇರೆ ಯಾರನ್ನೋ ಚಿವುಟಿದ ಹಾಗೆ.

ಶಾರೀಕ್ ಹೋದದ್ದು ಹಿಂದಿನ ಬೇಸಿಗೆಯಲ್ಲಿ, ಎರಡು ಸಾವಿರದ ಇಸವಿಯಲ್ಲಿ. ಕೆಲಸ ಮುಗಿಸಿ 101 ಫ್ರೀವೇ ಮೇಲೆ ಗಿಲ್‌ರಾಯ್‌ಗೆ ಹೊರಟಿದ್ದ, ದಾರಿಯಲ್ಲಿ ಅಪಘಾತವಾಯಿತು. ಅಗ್ಗವೆಂದು ಅಷ್ಟು ದೂರದಲ್ಲಿ ಮನೆ ಕೊಂಡಿದ್ದ. ಆ ಮನೆ ಮಾರಿಹೋಯಿತು, ಕಾರು ಗುಜರಿಗೆ ಹೋಯಿತು. ಫ್ರೀಮಾಂಟಿನ ಅಕ್ಕನ ಅಪಾರ್ಟ್‌ಮೆಂಟಿಗೆ ಬಂದದ್ದು ಅವನ ಕಂಪ್ಯೂಟರು, ಮತ್ತು ಅದರೊಳಗಿದ್ದ ಇನ್ನೊಂದು ಮನೆ.

ಸಾಲ್ಟ್‌ಹೇವನ್ ಎಂಬ ಆನ್‌ಲೈನ್ ಆಟದ ಮನೆ ಅದು. ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ದ್ವೀಪದಲ್ಲಿ ಓಡಾಡುವ ಆಟ. ಅದರಲ್ಲಿ ಶಾರೀಕ್ ಒಬ್ಬ ನಾವಿಕ. ದಡದ ಬಂಡೆಯ ಮೇಲೆ ಕಲ್ಲಿನ ಮನೆ ಕಟ್ಟಿದ್ದ, ಕೆಳಗೆ ನೀರಿನಲ್ಲಿ ಅವನ ಹಡಗು. ಒಳಗೋಡೆಗೆ ಬಳಿದ ಹಸಿರು ಗದಗಿನ ಅವರ ಅಡುಗೆಮನೆಯ ಹಸಿರೆಂದು ಭೂಮಿಯ ಮೇಲೆ ಸಾಲೇಹಾ ಒಬ್ಬಳಿಗೇ ಗೊತ್ತಿತ್ತು. ಆಟಕ್ಕೊಂದು ಕಾನೂನು: ಯಜಮಾನನ ಖಾತೆಯಿಂದ ವಾರಕ್ಕೊಮ್ಮೆಯಾದರೂ ಬಾಗಿಲು ತೆರೆಯಬೇಕು. ಇಲ್ಲವಾದರೆ ಮನೆ ಕುಸಿಯುತ್ತದೆ, ಒಳಗಿದ್ದದ್ದೆಲ್ಲ ದಾರಿಹೋಕರ ಪಾಲು. ಸಾಲೇಹಾಗೆ ಆಡಲು ಬರುತ್ತಿರಲಿಲ್ಲ. ದಿನಾ ಬಾಗಿಲು ತೆರೆದು ಒಳಗೆ ನಿಲ್ಲುತ್ತಿದ್ದಳು, ಅಷ್ಟೇ. ಪರದೆಯ ಮೇಲೆ ತಮ್ಮ ನಿಂತಿರುತ್ತಿದ್ದ, ಉಸಿರಾಡುವವನ ಹಾಗೆ ಅವನ ಭುಜ ಸ್ವಲ್ಪ ಏರಿ ಇಳಿಯುತ್ತಿತ್ತು.

ಆಟದ ಕಂಪನಿಗೆ ಫೋನು ಮಾಡಿದಳು. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಲಿ ಎಂದರು. ಯಜಮಾನ ತೀರಿಹೋದರೆ ಖಾತೆ ಮುಚ್ಚಿಬಿಡುವುದು ಅವರ ಪದ್ಧತಿ. ನಿಜ ಹೇಳಿದರೆ ಮನೆ ಇವತ್ತೇ ಬೀಳುತ್ತದೆ. ಹೇಳದಿದ್ದರೆ ಬರುವ ಭಾನುವಾರ ಬೀಳುತ್ತದೆ. ಸಾಲೇಹಾ ಫೋನಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಮುಕರ್ರಮ್ ಬೆಂಗಳೂರಿನವನು. ಗದಗಿನ ಹುಡುಗಿಯ ಉರ್ದೂ ಕೇಳಿ ಅತ್ತೆಮನೆಯಲ್ಲಿ ಎಲ್ಲರೂ ನಕ್ಕಿದ್ದರಿಂದ, ಮದುವೆಯಾದ ವಾರದಲ್ಲೇ ಗಂಡನೊಡನೆ ಕನ್ನಡಕ್ಕೆ ಇಳಿದ ಸಾಲೇಹಾ ಮತ್ತೆ ಮೇಲೆ ಹತ್ತಿರಲಿಲ್ಲ.

"ಶಾರೀಕನ ಆಟದ ಪಾಸ್‌ವರ್ಡ್ ಯಾರೋ ಬದಲ್ ಮಾಡ್ಯಾರ."

ಮುಕರ್ರಮ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಹೋಗ್ಲಿ ಬಿಡು ಸಾಲೇಹಾ. ಎಷ್ಟು ದಿನ ಅಂತ?"

"ಹೂಂ," ಎಂದಳು ಅವಳು.

"ಅಮ್ಮಿ, ಮೋರ್ ದಾಲ್ ಪ್ಲೀಸ್," ಎಂದಳು ಐದು ವರ್ಷದ ರಮ್ಶಾ. ಎರಡನೇ ಸಲ ಕೇಳಿದ ಮೇಲೆ ಅವಳಿಗೆ ದಾಲು ಬಂತು.

*

ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಕಂಪ್ಯೂಟರಿಗೆ ನೆಗಡಿಯಾದರೂ ಫೋನು ಹೋಗುತ್ತಿದ್ದದ್ದು ವಸುಧಾಗೆ. ಮೈಸೂರಿನವಳು, ವೈರಸ್ಸು ಹಿಡಿಯುವ ಕಂಪನಿಯೊಂದರಲ್ಲಿ ಕೆಲಸ, ಸರಟೋಗಾದಲ್ಲಿ ಮನೆ. ಪ್ರೀತಿಪತ್ರದ ವೇಷದ ವೈರಸ್ಸು ಬಂದ ವರ್ಷ ಅವಳು ಹೋಗದ ಮನೆಯಿರಲಿಲ್ಲ, ಕುಡಿಯದ ಕಾಫಿಯಿರಲಿಲ್ಲ. ಸಾಲೇಹಾ ಅವಳಿಗೆ ಫೋನು ಮಾಡಿದ್ದು ಶುಕ್ರವಾರ. ಶನಿವಾರ ಮಧ್ಯಾಹ್ನ ಅವಳು ಬಂದು ಆ ಕಂಪ್ಯೂಟರಿನ ಮುಂದೆ ಕೂತಳು.

"ಸೋಮವಾರ ಆಗಿದ್ದು. ಇವತ್ತು ಹೇಳ್ತಿದೀರಾ?"

"ಹೇಳಬೇಕಂತ ಅನಸ್ಲಿಲ್ರಿ."

ವಸುಧಾ ಅವಳ ಮುಖ ನೋಡಿದಳು. ಕೀಬೋರ್ಡಿಗೆ ಕೈ ಹಾಕಿದಳು.

"ಈ ಕಂಪ್ಯೂಟರು ಯಾರ್ಯಾರು ಮುಟ್ತಾರೆ?"

"ನಾನ. ರಮ್ಶಾ ಬಣ್ಣ ಹಚ್ಚೋ ಆಟ ಆಡ್ತಾಳ."

"ನಿಮ್ಮ ಯಜಮಾನರು?"

"ಇಲ್ರಿ. ಅವ್ರು ಇದರ ಸನೇಕ ಬರೂದಿಲ್ಲ. ಶಾರೀಕನ ಸಾಮಾನು ನೋಡಾಕ ಆಗೂದಿಲ್ಲ ಅಂತಾರ."

"ಆ್ಯಂಟಿವೈರಸ್ ಯಾಕೆ ಆಫ್ ಆಗಿದೆ?"

"ಜಯರಾಮ್ ಸರ್ ಆಫ್ ಮಾಡ್ರಿ ಅಂದ್ರು."

ವಸುಧಾಳ ಕೈ ನಿಂತಿತು. ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಜಯರಾಮ್ ಸಂಪಾದಕರು. ಲೇಖನಗಳನ್ನು ಟೈಪು ಮಾಡಿಕೊಡುವವಳು ಸಾಲೇಹಾ. ಅದಕ್ಕಾಗಿ ಕನ್ನಡ ಟೈಪಿಂಗಿನ ಪ್ರೋಗ್ರಾಮೊಂದನ್ನು ಅವರು ಫ್ಲಾಪಿಯಲ್ಲಿ ಕೊಟ್ಟಿದ್ದರು. ಆ್ಯಂಟಿವೈರಸ್ ಆನ್ ಮಾಡುತ್ತಲೇ ಎಚ್ಚರಿಕೆ ಚಿಮ್ಮಿತು: ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಈ ಪ್ರೋಗ್ರಾಂ ಗಮನಿಸುತ್ತಿದೆ.

"ಇದು ಯಾವಾಗ್ಲೂ ಬರ್ತೈತ್ರಿ," ಎಂದಳು ಸಾಲೇಹಾ. "ಇಂಗ್ಲಿಷ್ ಕೀಲಿ ಒತ್ತಿದ್ರ ಕನ್ನಡ ಬರಬೇಕಲ್ಲ, ಅದಕ್ಕ ಗಮನಸ್ಲೇಬೇಕು. ಹೆದರಬ್ಯಾಡ್ರಿ ಅಂದ್ರು ಸರ್."

"ಅಲ್ಲೇ ಇರೋದು ನಮ್ಮ ಎಡವಟ್ಟು!" ವಸುಧಾ ಹಣೆ ಬಡಿದುಕೊಂಡಳು. "ಅಮೆರಿಕದೋರು ಈ ಎಚ್ಚರಿಕೆ ನೋಡಿದ್ರೆ ಪ್ಲಗ್ ಕಿತ್ತು ಓಡ್ತಾರೆ. ನಾವು ಮಾತ್ರ, ಓಹೋ ಕನ್ನಡ ತಾನೇ, ಬಾಪ್ಪಾ ಒಳಗೆ ಅಂತೀವಿ."

ಅರ್ಧ ಗಂಟೆ ಕೆದಕಿದಳು. ಕೊನೆಗೆ ಸಿಕ್ಕಿತು. ಕನ್ನಡದ ಪ್ರೋಗ್ರಾಮಿನ ಬೆನ್ನಿಗೆ ಇನ್ನೊಂದು ಅಂಟಿಕೊಂಡಿತ್ತು, ಕೀಲಾಗರ್ ಎಂಬುದು. ಒತ್ತಿದ ಕೀಲಿಗಳನ್ನೆಲ್ಲ ಕೂಡಿಡುವುದು, ನೆಟ್ಟಿಗೆ ಹೋದಾಗ ಯಾರಿಗೋ ಕಳಿಸುವುದು — ಅದರ ಕಸುಬು ಅಷ್ಟೇ. ಅದು ಕೂಡಿಟ್ಟಿದ್ದನ್ನು ಫ್ಲಾಪಿಗೆ ಇಳಿಸಿಕೊಂಡು ವಸುಧಾ ಅದನ್ನು ಕಿತ್ತುಹಾಕಿದಳು.

"ಕಳ್ಳ ಸಿಕ್ಕ ಸಾಲೇಹಾ. ಇನ್ನು ಅವನನ್ನ ಒಳಗೆ ಬಿಟ್ಟೋರು ಯಾರು ಅಂತ ನೋಡ್ಬೇಕು."

ಸಾಲೇಹಾ ಕಿಟಕಿಯ ಹೊರಗೆ ನೋಡುತ್ತಿದ್ದಳು. "ನಾಳೆ ಮನಿ ಬೀಳ್ತೈತಿ," ಎಂದಳು. ಗ್ರೋಸರಿಗೆ ಹೋಗಬೇಕು ಎನ್ನುವ ದನಿಯಲ್ಲಿ ಅಂದಳು.

*

ಭಾನುವಾರ ವಸುಧಾ ಮನೆಗೆ ಹೋದಾಗ ಜಯರಾಮರು ಬಾಗಿಲಲ್ಲೇ ಕೈ ಮುಗಿದರು.

"ನನ್ನ ಮೇಲೆ ಕೀಲಾಗರ್ ಅಪವಾದನಾ ತಾಯಿ? ನಾನು ಕನ್ನಡದ ಸೇವೆಗೆ ಅಂತ—"

"ಪ್ರೋಗ್ರಾಂ ಎಲ್ಲಿಂದ ತಂದ್ರಿ ಸರ್?"

"ಯಾವುದೋ ವೆಬ್‌ಸೈಟು. ಫ್ರೀ ಇತ್ತು."

"ಯಾರು ಮಾಡಿದ್ದು ಅಂತ ನೋಡಿದ್ರಾ?"

"ಕನ್ನಡದ್ದಮ್ಮ! ಕನ್ನಡದಲ್ಲಿ ಯಾರು ಮೋಸ ಮಾಡ್ತಾರೆ?"

ವಸುಧಾಗೆ ನಗು ಬಂತು, ಸಿಟ್ಟೂ ಬಂತು. ಜಯರಾಮರ ಕಂಪ್ಯೂಟರಿನಲ್ಲೂ ಅದೇ ಅಂಟು. ಅವರ ಇಮೇಲಿನ ಪಾಸ್‌ವರ್ಡು ಎರಡು ತಿಂಗಳ ಹಿಂದೆಯೇ ಕಳುವಾಗಿತ್ತು. ಸಂಚಿಕೆಗೆ ಬಂದ ಕವನಗಳೆಲ್ಲ ಕಾಣೆಯಾಗಿದ್ದವು. ಕವಿಗಳೇ ವಾಪಸು ತೆಗೆದುಕೊಂಡರೆಂದು ಪಾಪ ಇವರು ತಿಳಿದಿದ್ದರು. ಮೋಸಹೋದವರೇ ಹೊರತು ಮೋಸಗಾರರಲ್ಲ. ವಸುಧಾ ಅಲ್ಲಿಂದ ಫ್ರೀಮಾಂಟಿನ ಪಕ್ಕದ ನೆವಾರ್ಕಿಗೆ ಹೋದಳು.

ನೆವಾರ್ಕಿನ ಅನುರಾಗ್ ಶಾರೀಕನ ಜೊತೆ ಅದೇ ಆಟ ಆಡುತ್ತಿದ್ದ ಗೆಳೆಯ. ಸ್ಟಾರ್ಟಪ್ಪು ಮುಚ್ಚಿದ ಮೇಲೆ ಮನೆಯಲ್ಲೇ ಇದ್ದ. ಆ ಬಂಡೆಯ ಮೇಲಿನ ಜಾಗ ನನಗೆ ಕೊಡಿ ಎಂದು ಸಾಲೇಹಾಳನ್ನು ಒಮ್ಮೆ ಕೇಳಿದ್ದ.

"ಕೇಳಿದ್ದೆ, ಹೌದು," ಎಂದ ಅನುರಾಗ್. "ಅಕ್ಕನಿಗೆ ಆಟ ಬರಲ್ಲ. ಯಾವತ್ತಾದ್ರೂ ಮರೆತು ಮನೆ ಬಿದ್ದುಹೋದ್ರೆ ಅಂತ ಕೇಳಿದ್ದೆ."

"ಪಾಸ್‌ವರ್ಡ್ ಗೊತ್ತಿತ್ತಾ?"

"ಅವನದಾ? ಅವನು ಯಾರಿಗೂ ಹೇಳ್ತಿರಲಿಲ್ಲ. ಸಾಯೋವರೆಗೂ—" ಅನುರಾಗ್ ಮಾತು ನುಂಗಿಕೊಂಡ. "ಇವತ್ತು ಸಂಜೆ ಅಲ್ಲೇ ಹೋಗಿ ನಿಂತಿರ್ತೀನಿ. ಮನೆ ಬಿದ್ರೆ ಸಾಮಾನೆಲ್ಲ ಆರಿಸಿಕೊಂಡು ಅಕ್ಕನಿಗೋಸ್ಕರ ಎತ್ತಿಡ್ತೀನಿ. ಕಂಡೋರು ಬಾಚ್ಕೊಂಡು ಹೋಗೋದು ಬೇಡ."

ಕಳ್ಳನಾದವನು ಇಷ್ಟು ಚೆನ್ನಾಗಿ ಮಾತಾಡಬಹುದು. ವಸುಧಾ ಅವನನ್ನು ಪಟ್ಟಿಯಿಂದ ತೆಗೆಯಲಿಲ್ಲ.

ಮಂಗಳವಾರ ಅನುರಾಗ್ ಸಾಲೇಹಾಗೆ ಫೋನು ಮಾಡಿದ. "ಅಕ್ಕಾ, ಮನೆ ಬಿದ್ದಿಲ್ಲ. ನಿನ್ನೇನೂ ನೋಡ್ದೆ, ಇವತ್ತೂ ನೋಡ್ದೆ. ಹಾಗೇ ಇದೆ. ಹಡಗೂ ಕಟ್ಟಿದ ಜಾಗದಲ್ಲೇ ಇದೆ."

"ಹೂಂ," ಎಂದಳು ಸಾಲೇಹಾ. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು. ಅದನ್ನು ಒರೆಸಿದಳು. ಈ ಸುದ್ದಿಯನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ತೋಚಲೇ ಇಲ್ಲ.

*

ಬುಧವಾರ ಸಂಜೆ ವಸುಧಾ ಮತ್ತೆ ಬಂದಳು. ಮುಖದಲ್ಲಿ ಸಮಾಧಾನವಿರಲಿಲ್ಲ.

"ಒಂದು ವಿಷ್ಯ ಕೊರೀತಿದೆ. ಆ ಕೀಲಾಗರ್ ಕೂಡಿಟ್ಟಿದ್ದನ್ನೆಲ್ಲ ತೆಗೆದು ನೋಡಿದೆ. ಯುಗಾದಿ ಸಂಚಿಕೆ ಪೂರ್ತಿ ಇದೆ, ಹೋಳಿಗೆ ಮಾಡೋ ವಿಧಾನ ಇದೆ. ಆಟದ ಪಾಸ್‌ವರ್ಡ್ ಮಾತ್ರ ಇಲ್ಲ. ನೀವು ದಿನಾ ಹೇಗೆ ಒಳಗೆ ಹೋಗ್ತಿದ್ರಿ? ನಾನು ಯಾರೋ ಏನೋ ಅಂದ್ಕೊಂಡು ಮಾಡಿ ತೋರಿಸಿ."

ಸಾಲೇಹಾ ಎಂಟರ್ ಒತ್ತಿದಳು.

"ಅಷ್ಟೇನಾ?"

"ಅಷ್ಟ ರೀ. ಅವನ ಪಾಸ್‌ವರ್ಡ್ ನಂಗೆಲ್ಲಿ ಗೊತ್ತೈತ್ರಿ? ಅವಾ ಕೂಡಿಸಿ ಹೋಗಿದ್ದು ಹಂಗ ಇತ್ತು."

ವಸುಧಾ ಮೌಸು ಎಳೆದುಕೊಂಡು, ಪಾಸ್‌ವರ್ಡ್ ಮರೆತಿರಾ ಎಂಬ ಜಾಗದಲ್ಲಿ ಒತ್ತಿದಳು. ಪುಟ ಬಿಚ್ಚಿಕೊಂಡಿತು. ಗುಟ್ಟಿನ ಪ್ರಶ್ನೆಗೆ ಉತ್ತರ ಬರೆಯಿರಿ, ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಿ. ಮೂರು ಸಲ ತಪ್ಪಿದರೆ ಖಾತೆ ಕಾಯಂ ಬಂದ್. ಕೆಳಗೆ ಸಣ್ಣ ಅಕ್ಷರದಲ್ಲಿ — ಈ ಖಾತೆಯ ಪಾಸ್‌ವರ್ಡು ಇದೇ ದಾರಿಯಲ್ಲಿ ಹಿಂದಿನ ವಾರದ ಭಾನುವಾರ ಬದಲಾಗಿದೆ.

ಪ್ರಶ್ನೆ: ಮದುವೆಗೆ ಮುಂಚೆ ನಿಮ್ಮ ತಾಯಿಯ ಮನೆತನದ ಹೆಸರೇನು?

"ನಿಮ್ಮ ತಾಯಿ ಹೆಸರೇನು?"

"ಜುಲೇಖಾಬಿ."

"ಮದುವೆಗೆ ಮುಂಚೆ?"

"ಜುಲೇಖಾಬಿನ. ಆಮ್ಯಾಲೂ ಅದ. ನಮ್ಮಲ್ಲಿ ಯಾರ್ ಹೆಸರ್ ಬದಲ್ ಮಾಡ್ತಾರ್ರಿ? ಶಾರೀಕ್ ಸಣ್ಣಾಂವ ಇದ್ದಾಗ ಹೋಗಿಬಿಟ್ರು."

"ನಮ್ಮಮ್ಮನಿಗೂ ಮನೆತನದ ಹೆಸರಿಲ್ಲ," ಎಂದಳು ವಸುಧಾ ನಿಧಾನವಾಗಿ. "ಈ ದೇಶದಲ್ಲಿ ಎಲ್ಲ ಫಾರಮ್ಮಲ್ಲೂ ಇದೇ ಪ್ರಶ್ನೆ. ನಮ್ಮೋರು ಒಬ್ಬೊಬ್ಬರು ಒಂದೊಂದು ಬರೀತಾರೆ. ಮೊದಲ ಸಲ ಏನು ಬರೆದ್ರೋ ಆಮೇಲೆ ಎಲ್ಲ ಕಡೆ ಅದೇ. ಶಾರೀಕ್ ಏನು ಬರೆದಿದ್ದ?"

"ಗೊತ್ತಿಲ್ರಿ."

"ಅವನು ಬಂದ ಹೊಸದರಲ್ಲಿ ಫಾರಂ ಎಲ್ಲ ಯಾರು ತುಂಬಿಸಿದ್ರು?"

"ಬ್ಯಾಂಕಿಗೆ, ಲೈಸೆನ್ಸ್ ಕೊಡೂ ಡಿಎಂವಿಗೆ ಎಲ್ಲಾ ಇವ್ರ ಕರಕೊಂಡ್ ಹೋಗಿದ್ರು."

ವಸುಧಾ ಪುಟ ಮುಚ್ಚಿದಳು. "ಅನುರಾಗ್ ಏನಾದ್ರೂ ಹೇಳಿದ್ನಾ? ಮನೆ ಬಿತ್ತಾ?"

"ಇಲ್ಲಂತ. ಹಾಂಗ ಐತಂತ."

"ಯಾವಾಗ ಹೇಳಿದ?"

"ನಿನ್ನೆ."

ವಸುಧಾ ಚೀಲ ಹೆಗಲಿಗೆ ಹಾಕಿಕೊಂಡಳು. "ಶನಿವಾರ ಬರ್ತೀನಿ," ಎಂದಳು. "ನಿಮ್ಮ ಯಜಮಾನರು ಮನೇಲಿರ್ಲಿ."

*

ಶನಿವಾರ ರಮ್ಶಾ ಒಳಗಿನ ಕೋಣೆಯಲ್ಲಿ ಕಾರ್ಟೂನು ನೋಡುತ್ತಿದ್ದಳು. ಮುಕರ್ರಮ್ ಸೋಫಾದ ತುದಿಯಲ್ಲಿ ಕೂತಿದ್ದ. ಸಾಲೇಹಾ ಚಹಾ ತಂದಿಟ್ಟಳು, ಸಕ್ಕರೆ ಹಾಕಿರಲಿಲ್ಲ. ಯಾರೂ ಕೇಳಲಿಲ್ಲ.

"ಹೇಳ್ಲಾ ಬೇಡ್ವಾ ಅಂತ ಎರಡು ದಿನ ಯೋಚ್ನೆ ಮಾಡಿದೆ," ಎಂದಳು ವಸುಧಾ. "ಮನೆಯೊಳಗಿನ ಮಾತು. ಆದ್ರೆ ಸಾಲೇಹಾ ನನ್ನನ್ನ ಕರೆದ್ರು, ನಾನು ಸುಳ್ಳು ಹೇಳಿ ಹೋಗಲಾರೆ."

"ವೈರಸ್ಸು ಸಿಕ್ಕಿತು ಅಂದ್ರಲ್ಲ?" ಎಂದ ಮುಕರ್ರಮ್.

"ಸಿಕ್ಕಿತು. ಕಳ್ಳ ನಿಜವಾಗ್ಲೂ ಇದ್ದ. ಆದ್ರೆ ಈ ಕಳ್ಳತನ ಅವನದಲ್ಲ. ಅವನು ಒತ್ತಿದ ಕೀಲಿ ಕದೀತಾನೆ. ಈ ಪಾಸ್‌ವರ್ಡ್ ಯಾರೂ ಒತ್ತೇ ಇಲ್ಲ! ಶಾರೀಕ್ ಹೋದ ಮೇಲೆ ಒಂದೇ ಒಂದು ಸಲಾನೂ ಇಲ್ಲ. ಇದು ಮೊದಲ ದಿನಾನೇ ನನಗೆ ಹೊಳೀಬೇಕಿತ್ತು. ಎದುರಿಗೊಬ್ಬ ಕಳ್ಳ ಸಿಕ್ಕಿಬಿಟ್ಟ, ಇನ್ನೊಬ್ಬನನ್ನ ಹುಡುಕೋದು ಮರೆತೆ."

"ಮತ್ತೆ?"

"ಗುಟ್ಟಿನ ಪ್ರಶ್ನೆ. ಮೂರು ಸಲ ತಪ್ಪಿದ್ರೆ ಬಾಗಿಲು ಬಂದ್. ಊಹೆ ಮಾಡಿ ಹೇಳೋ ಉತ್ತರ ಅಲ್ಲ ಅದು, ಯಾಕಂದ್ರೆ ಸರಿಯಾದ ಉತ್ತರ ಅನ್ನೋದೇ ಇಲ್ಲ. ಅನುರಾಗನಿಗೆ ಗೊತ್ತಿಲ್ಲ. ಅಕ್ಕನಿಗೇ ಗೊತ್ತಿಲ್ಲ. ಗೊತ್ತಿರಬೇಕಾದ್ರೆ ಅವನು ಮೊದಲ ಸಲ ಅದನ್ನ ಬರೆದಾಗ ಪಕ್ಕದಲ್ಲಿ ನಿಂತಿರ್ಬೇಕು."

ಮುಕರ್ರಮ್ ಚಹಾ ಎತ್ತಿಕೊಂಡ. ಕುಡಿಯಲಿಲ್ಲ.

"ಅದೂ ಸಾಕಾಗಲ್ಲ ಅಂದುಕೊಳ್ಳಿ. ಇನ್ನೊಂದು ಇದೆ. ಮೊನ್ನೆ ಅನುರಾಗ್ ಹೇಳಿದ್ದು. ಮನೆ ಬಿದ್ದಿಲ್ಲ."

"ಅದರಲ್ಲೇನಿದೆ?"

"ಅದರಲ್ಲೇ ಎಲ್ಲಾ ಇರೋದು ಮುಕರ್ರಮ್. ವಾರ ದಾಟಿತು. ಖಾತೆಯಿಂದ ಯಾರೂ ಬಾಗಿಲು ತೆಗೀದಿದ್ರೆ ಮನೆ ಬೀಳ್ಬೇಕಿತ್ತು. ಅಂದ್ರೆ ಕಳ್ಳ ಒಳಗೆ ಹೋಗ್ತಿದಾನೆ. ಹೋಗ್ತಿದಾನೆ, ಆದ್ರೆ ಹಡಗು ಮುಟ್ಟಿಲ್ಲ, ಸಾಮಾನು ಮುಟ್ಟಿಲ್ಲ. ಬಾಗಿಲು ತೆಗೀತಾನೆ, ಹಾಕ್ತಾನೆ. ಕದ್ದ ಮನೇನ ಕಾಯೋ ಕಳ್ಳ ಎಲ್ಲಾದ್ರೂ ಉಂಟಾ? ಸಾಲೇಹಾ ಒಳಗೆ ಹೋಗ್ಬಾರ್ದು, ಮನೇನೂ ಬೀಳ್ಬಾರ್ದು — ಹೀಗೆ ಎರಡೂ ಬೇಕಾದೋರು ಒಬ್ಬರೇ. ನೀವು."

ಕಾರ್ಟೂನಿನಲ್ಲಿ ಯಾರೋ ಬಿದ್ದರು. ರಮ್ಶಾ ನಕ್ಕಳು.

"ಆಫೀಸಿಂದ," ಎಂದ ಮುಕರ್ರಮ್. "ನಮ್ಮ ಫ್ಲೋರೆಲ್ಲ ಲೇ-ಆಫ್ ಆಗಿ ಖಾಲಿ ಬಿದ್ದಿದೆ. ಏನು ಮಾಡ್ತಿದೀಯ ಅಂತ ಕೇಳೋರಿಲ್ಲ. ಬಿದ್ದುಹೋಗ್ಲಿ ಅಂತಾನೇ ಬದಲಾಯಿಸಿದ್ದೆ, ಅಲ್ಲಾಹು ಸಾಕ್ಷಿ. ಇವಳು ಮಗು ಮುಖ ನೋಡಲ್ಲ, ನನ್ನ ಮುಖ ನೋಡಲ್ಲ. ಮನೆ ಬಿದ್ರೆ ಒಂದು ಸಲ ಅತ್ತುಬಿಡ್ತಾಳೆ, ಮುಗಿಯುತ್ತೆ ಅಂದ್ಕೊಂಡೆ. ಹೋದ ಶನಿವಾರ, ನಾಳೆ ಬೀಳುತ್ತಲ್ಲ, ಕೊನೇ ಸಲ ನೋಡೋಣ ಅಂತ ಒಳಗೆ ಹೋದೆ. ಶಾರೀಕ್ ನಿಂತಿದ್ದ." ಅವನು ಲೋಟ ಕೆಳಗಿಟ್ಟ. "ಬಾಗಿಲು ತೆಗೆದೆ. ಆಮೇಲೆ ದಿನಾ ಹೋದೆ."

ವಸುಧಾ ಎದ್ದಳು. "ಆ ಪ್ರಶ್ನೆಗೆ ಇನ್ನು ಬೇರೆ ಉತ್ತರ ಇಡಿ," ಎಂದಳು. "ಯಾರಿಗೂ ಗೊತ್ತಿರದ್ದು." ಸಾಲೇಹಾಳ ಭುಜ ಮುಟ್ಟಿ ಹೊರಟುಹೋದಳು.

ಸಾಲೇಹಾ ನಿಂತೇ ಇದ್ದಳು. ಗಂಡನ ಮೇಲೆ ಸಿಟ್ಟು ಬರಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಬರುತ್ತಿರಲಿಲ್ಲ.

"ಏನ್ ಬರ್ದಿದ್ದಾ?" ಎಂದು ಕೇಳಿದಳು.

"ಏನು?"

"ಉತ್ತರ. ಬ್ಯಾಂಕಿನ್ಯಾಗ."

ಮುಕರ್ರಮ್ ಅವಳತ್ತ ನೋಡಲಾರದೆ ಹೇಳಿದ. "ನಾನೇನೂ ಹೇಳಿಕೊಡ್ಲಿಲ್ಲ. ತಾನೇ ಪೆನ್ ತಗೊಂಡ. ತಾಯಿ ಅಂತ ಕೇಳಿದ್ರೆ ಆಪಾ ಹೆಸರೇ ಬರೀಬೇಕಲ್ವಾ ಭಾಯಿ ಅಂದ. ಸಾಲೇಹಾ ಅಂತ ಬರೆದ."

ತಾಯಿ ಹೋದಾಗ ಶಾರೀಕನಿಗೆ ಸರಿಯಾಗಿ ಚಡ್ಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಗುಂಡಿ ಹಾಕಿದವಳು ಇವಳು, ತುತ್ತಿಟ್ಟವಳು ಇವಳು. ಅವನು ಅದನ್ನೆಲ್ಲ ಯಾವತ್ತೂ ಬಾಯಿಬಿಟ್ಟು ಆಡಿದವನಲ್ಲ. ಆಡಬೇಕಾದದ್ದನ್ನು ಬ್ಯಾಂಕಿನ ಫಾರಮ್ಮಿನಲ್ಲಿ ಬರೆದು, ಅಕ್ಕನಿಗೊಂದು ಮಾತು ಹೇಳದೆ ಹೋಗಿದ್ದ.

"ನನ್ನ ಹೆಸರು," ಎಂದಳು. ದನಿ ಅವಳದೇ ಅನ್ನಿಸಲಿಲ್ಲ. "ನನ್ನ ಹೆಸರ್ ಹಾಕಿ... ನನ್ನ ಹೆಸರ ಹಾಕಿ ನನ್ನ ಹೊರಗ ಹಾಕಿದ್ರ್ಯಾ?"

"ಸಾಲೇಹಾ—"

"ಅವಾ ನನ್ನ ತಮ್ಮ! ನಾ ಸಾಕಿದ ಕೂಸು! ಬೀಗ ಹಾಕಾಕ ನೀವ್ಯಾರು? ಅಳೂದ ಬಿಡೂದ ನನಗ ಕಲಸಾಕ ನೀವ್ಯಾರು?"

ಲೋಟ ಗೋಡೆಗೆ ಬಡಿದು ಚೂರಾಯಿತು. ಎಸೆದದ್ದು ತಾನೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ರಮ್ಶಾ ಬಾಗಿಲಿಗೆ ಬಂದು ನಿಂತಳು. ಮಗಳ ಮುಖ ನೋಡುತ್ತಲೇ ಸಾಲೇಹಾ ಕಾರ್ಪೆಟ್ಟಿನ ಮೇಲೆ ಕುಸಿದು ಕೂತಳು. ಎಂಟು ತಿಂಗಳ ಅಳು ಅಕ್ಕಪಕ್ಕದ ಅಪಾರ್ಟ್‌ಮೆಂಟಿಗೂ ಕೇಳುವಂತೆ ಬಂತು. "ಅಮ್ಮಿ, ವಾಟ್ ಹ್ಯಾಪನ್ಡ್?" ಎಂದು ಮಗು ಕೇಳಿತು. ಅವಳನ್ನು ತೊಡೆಗೆ ಎಳೆದುಕೊಂಡು ಸಾಲೇಹಾ, "ನಿನ್ನ ಮಾಮಾ ಸತ್ತುಹೋಗ್ಯಾನವ್ವಾ," ಎಂದಳು. ಆ ಮಾತನ್ನು ಅವಳು ಅಂದದ್ದು ಅದೇ ಮೊದಲು.

ಸಂಜೆ ಮುಖ ತೊಳೆದು ಬಂದು ಕಂಪ್ಯೂಟರಿನ ಮುಂದೆ ಕೂತಳು. ಮೋಡೆಮ್ಮು ಕಿರಿಚಿತು. ಪ್ರಶ್ನೆ ಬಂತು. ತನ್ನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹೊಸ ಪಾಸ್‌ವರ್ಡ್ ಕೊಡಿ ಎಂದಿತು ಪರದೆ. ಮುಕರ್ರಮ್ ಲೋಟದ ಚೂರು ಬಳಿದು ಮುಗಿಸಿ ಹಿಂದೆ ಬಂದು ನಿಂತಿದ್ದ.

"ಆ ಕಡೆ ತಿರುಗ್ರಿ."

ಅವನು ತಿರುಗಿದ. ಅವಳು ಒತ್ತಿದಳು. ಹಸಿರು ಗೋಡೆ ಬಂತು, ಅದರ ಮುಂದೆ ಶಾರೀಕ್ ಬಂದ.

"ಬುಧವಾರಕ್ಕೊಮ್ಮೆ ನೀವು ಕೂಡ್ರಿ," ಎಂದಳು ಸಾಲೇಹಾ. "ನಾನ ತಗದ್ ಕೊಡ್ತೀನಿ. ಪಾಸ್‌ವರ್ಡ್ ಮಾತ್ರ ಕೇಳಬ್ಯಾಡ್ರಿ."

ಮುಕರ್ರಮ್ ಗೋಡೆಯ ಕಡೆಗೇ ಮುಖ ಮಾಡಿಕೊಂಡು ತಲೆಯಾಡಿಸಿದ.